ಮೂರನೇ ಅರ್ಧದ ಕುರ್ಚಿ

“ಹಂಗೇರಿಲಿ ಆಡಿದೆ, ಫ್ರಾನ್ಸಲ್ಲಿ ಆಡಿದೆ, ಅಸ್ತಾ. ಜನ ನನ್ನ ಹೆಸರು ಹಿಡಿದು ಕೂಗೋರು, ನಗಾರಿ ಬಾರಿಸೋರು. ಪಂದ್ಯ ಮುಗೀತೋ, ಮಂಡಿಗೆ ಐಸು ಕಟ್ಕೊಂಡು ಬಸ್ಸು ಹತ್ತೋದು. ಒಬ್ಬರಿಗೊಬ್ಬರು ಮಾತಿಲ್ಲ, ಎಲ್ಲರ ಕಿವೀಲೂ ಹಾಡು. ಆಗ ನಿನ್ನ ಕ್ಯಾಂಟೀನು ನೆನಪಾಗೋದು. ಸೋತೋರು ಗೆದ್ದೋರು ಎಲ್ಲಾ ಒದ್ದೆ ಕೂದಲಲ್ಲೇ ಒಂದೇ ಮೇಜಿಗೆ ಕೂತು, ಸಾಸೇಜು ತಿಂತಾ, ಬಿಯರ್ ಕುಡೀತಾ ಬೈದಾಡೋದು. ಆಟಕ್ಕೆ ಎರಡೇ ಅರ್ಧ ಅಂತಾರೆ ಹೊರಗಿನೋರು. ನಮ್ಮ ಮೂರನೇ ಅರ್ಧ ಅವರಿಗೇನು ಗೊತ್ತು? ಆ ಮೇಜಿನ ಹತ್ರ ಒಂದು ಕುರ್ಚಿ ಸಿಕ್ಕಿದ್ರೆ ಸಾಕು ನಂಗೆ.”

ವಿಬೆಕೆ ಹೀಗೆಂದದ್ದು ಹೊರದೇಶದ ಆಟ ಬಿಟ್ಟು ಲಿಮ್‌ಫ್ಯೋರ್ಡ್ ಕೊಲ್ಲಿಯ ದಡದ ನಮ್ಮೂರಿಗೆ ಮರಳಿದ ಶರತ್ಕಾಲದಲ್ಲಿ. ಅಸ್ತಾ ಎಂದರೆ ನಾನೇ, ಊರಿನ ಹ್ಯಾಂಡ್‌ಬಾಲ್ ಒಳಾಂಗಣದ ಕ್ಯಾಂಟೀನು ನನ್ನದು. ಅವಳಪ್ಪ ಚಿಪ್ಪುಮೀನಿನ ದೋಣಿಯವನು. ದೋಣಿ ಬರುವ ತನಕ ಹುಡುಗಿ ಇಲ್ಲೇ ಗೋಡೆಗೆ ಚೆಂಡು ಎಸೆಯುತ್ತ ಕೂತಿರುತ್ತಿದ್ದಳು. ಹಾಗೆ ಎಸೆಯುತ್ತಲೇ ದೊಡ್ಡ ಕ್ಲಬ್ಬಿಗೆ ಹೋದಳು, ಗಡಿ ದಾಟಿದಳು. ಅಪ್ಪ ತೀರಿಕೊಂಡಾಗ ಮಣ್ಣಿಗೆ ಬಂದವಳು ಸಂಜೆಗೇ ವಿಮಾನ ಹತ್ತಿದ್ದಳು, ಮರುದಿನ ಪಂದ್ಯವಿತ್ತು. ಕೊನೆಗೆ ಮಂಡಿ ಕೈಕೊಟ್ಟಿತು.

ಊರಿನ ತಂಡ ಅವಳನ್ನು ಸಂತೋಷದಿಂದಲೇ ಸೇರಿಸಿಕೊಂಡಿತು. ತೊಡಕಾದದ್ದು ರಾಳದಿಂದ. ದೊಡ್ಡ ಕ್ಲಬ್ಬುಗಳಲ್ಲಿ ಬೆರಳಿಗೆ ಮರದ ರಾಳ ಮೆತ್ತಿಕೊಂಡೇ ಆಡುತ್ತಾರೆ, ಚೆಂಡು ಅಂಗೈಗೆ ಕಚ್ಚಿಕೊಂಡು ನಿಲ್ಲುತ್ತದೆ. ನಮ್ಮಲ್ಲಿ ಅದು ನಿಷಿದ್ಧ, ಅಂಟು ನೆಲಕ್ಕೂ ಹತ್ತುತ್ತದೆ. ಇದೇ ನೆಲದ ಮೇಲೆ ಬೆಳಿಗ್ಗೆ ಶಾಲೆಯ ಮಕ್ಕಳು ಕುಣಿಯಬೇಕು, ಮುದುಕರು ವ್ಯಾಯಾಮ ಮಾಡಬೇಕು.

ಮೊದಲ ಪಂದ್ಯದಲ್ಲಿ ಅವಳ ಕೈಯಿಂದ ಚೆಂಡು ಸೋಪಿನಂತೆ ಜಾರಿತು. ಬರಿಗೈಯಲ್ಲಿ ಹಿಡಿಯುವುದೇ ಮರೆತುಹೋಗಿತ್ತು. ತಂಡ ಸೋತಿತು. ಆದರೂ ಮೇಜಿನಲ್ಲಿ ಯಾರೂ ಬೈಯಲಿಲ್ಲ. “ಪರವಾಗಿಲ್ಲ ವಿಬೆಕೆ,” ಎಂದರು. ಒಳ್ಳೆಯ ಕುರ್ಚಿ ಅವಳಿಗೆ ಬಿಟ್ಟುಕೊಟ್ಟರು, ಫ್ರಾನ್ಸಿನ ಹವೆ ಹೇಗೆ ಎಂದು ವಿಚಾರಿಸಿದರು. ಪಕ್ಕದಲ್ಲೇ ಗಿಟ್ಟೆ ಇನ್ನೊಬ್ಬಳನ್ನು “ನಿನಗಿಂತ ನನ್ನ ಹಂದಿಗಳು ಚೆನ್ನಾಗಿ ಓಡ್ತವೆ ಕಣೇ,” ಎಂದು ಹಂಗಿಸುತ್ತಿದ್ದಳು. ಗಿಟ್ಟೆ ನಮ್ಮ ಗೋಲು ಕಾಯುವವಳು, ವಿಬೆಕೆಯ ಬಾಲ್ಯದ ಗೆಳತಿ, ಹಂದಿ ಸಾಕಣೆಯವಳು. ವಿಬೆಕೆ ಆ ಬೈಗುಳವನ್ನೇ ನೋಡುತ್ತಿದ್ದಳು, ಹಸಿದ ಮಗು ಬೇರೆಯವರ ತಟ್ಟೆ ನೋಡುವ ಹಾಗೆ.

ಎರಡನೇ ಪಂದ್ಯಕ್ಕೆ ಅವಳು ಶೂ ಹಿಮ್ಮಡಿಗೆ ಗುಟ್ಟಾಗಿ ರಾಳ ಮೆತ್ತಿಕೊಂಡು ಬಂದಳು, ಆಟದ ನಡುವೆ ಬಗ್ಗಿ ಬೆರಳಿಗೆ ಒತ್ತಿಕೊಳ್ಳಲು. ಅಬ್ಬಾ, ಆ ಎಸೆತ! ಆ ಕೈ ಏನೇನು ಮಾಡಬಲ್ಲದೆಂದು ಅಂದು ನಮ್ಮೂರು ಕಣ್ಣಾರೆ ಕಂಡಿತು. ಅಷ್ಟರಲ್ಲಿ ಎದುರಾಳಿ ತಂಡದ ಗೋಲು ಕಾಯುವವಳು ಚೆಂಡು ಹಿಡಿದಳು, ಅದು ಅಂಗೈಗೆ ಅಂಟಿ ಬಿಡದಾದಾಗ ಕೈ ಮೇಲೆತ್ತಿ ಎಲ್ಲರಿಗೂ ತೋರಿಸಿದಳು. ರಾಳದ ತಪ್ಪಿಗೆ, ಗೆಲ್ಲುತ್ತಿದ್ದ ಪಂದ್ಯ ಅವರ ಪಾಲಾಯಿತು.

ವಿಬೆಕೆ ಯಾರ ಮುಖವನ್ನೂ ನೋಡದೆ ಚೀಲ ಹೆಗಲಿಗೇರಿಸಿ ಹೊರನಡೆದಳು. ಗಿಟ್ಟೆ ಬರೀ ಕಾಲುಚೀಲದಲ್ಲೇ ಮಳೆಗೆ ಓಡಿದಳು. ಕಿಟಕಿ ತೆರೆದಿತ್ತು, ನನಗೆಲ್ಲ ಕೇಳಿಸಿತು.

“ಎಲ್ಲಿಗೇ? ಬಸ್ಸು ಹತ್ತೋಕಾ? ಸೋಲಿಸಿದೋಳು ನೀನು, ಬೈಸ್ಕೊಳ್ಳೋಳು ಯಾರು, ನಿಮ್ಮಜ್ಜಿನಾ? ನಡಿ ಒಳಗೆ ದಡ್ಡಿ! ಬಿಯರ್ ನಿನ್ನ ಲೆಕ್ಕ. ನೆಲ, ಬಾಗಿಲ ಹಿಡಿ ಎಲ್ಲಾ ಅಂಟು ಮಾಡಿದೀಯ, ಅದೂ ನಿನ್ನ ಕೆಲಸ.”

ಬೈದರು, ಹೊಟ್ಟೆ ತುಂಬ ಬೈದರು. ಎದುರಾಳಿಗಳೂ ಸೇರಿಕೊಂಡರು: “ನಮಗೂ ಒಂಚೂರು ಕೊಟ್ಟಿದ್ರೆ ಸಮ ಆಗ್ತಿತ್ತಲ್ಲೇ!” ಅವಳಿಗೆ ಸಿಕ್ಕಿದ್ದು ಕಾಲು ಅಲ್ಲಾಡುವ ಕುರ್ಚಿ. ಅದರಲ್ಲಿ ಕೂತು ಅಂಗೈ ನೋಡಿಕೊಂಡಳು.

“ಈ ಕೈಗೆ ಹಳೇ ಹಿಡಿತ ವಾಪಸ್ ಬರುತ್ತಾ, ಗಿಟ್ಟೆ?”

“ಬರುತ್ತೋ ಬಿಡುತ್ತೋ. ಮೊದಲು ಸಾಸಿವೆ ಗೊಜ್ಜು ಈ ಕಡೆ ತಳ್ಳು.”

ಎಲ್ಲರೂ ಹೋದ ಮೇಲೆ ಅವಳಿಗೆ ಹಳೇ ಬಟ್ಟೆ, ಒಂದು ಬಟ್ಟಲು ಅಡುಗೆ ಎಣ್ಣೆ ಕೊಟ್ಟೆ. ರಾಳ ನೀರಿಗೆ ಬಗ್ಗುವುದಿಲ್ಲ. ನೋಯುವ ಮಂಡಿಯ ಕೆಳಗೆ ಟವೆಲು ಮಡಿಸಿಟ್ಟುಕೊಂಡು ಅವಳು ನೆಲ ಉಜ್ಜತೊಡಗಿದಳು. ನಾನು ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿಟ್ಟು, ಕಾಫಿ ಪಾತ್ರೆ ತೊಳೆಯಲು ನಿಂತೆ.