ಹೊಡೆಯಲು ತಕ್ಕ ವಸ್ತು

ಮೂತ್ರಪಿಂಡಕ್ಕೆ ಪೆಟ್ಟಾಗಬಹುದಿತ್ತು. ಬೆನ್ನೆಲುಬಿನ ಕಟ್ಟಕಡೆಯ ಮೂಳೆ ಬಿರುಕು ಬಿಡಬಹುದಿತ್ತು. ಮರದ ಸಿಬಿರು ಹೊಕ್ಕು, ಕೀವಾಗಿ, ಧನುರ್ವಾಯುವಿನ ಚುಚ್ಚುಮದ್ದಿಗೆ ಹೋದಲ್ಲಿ ನರ್ಸು "ಎಲ್ಲಿ ಹೊಕ್ಕಿದ್ದು, ಹೇಗೆ?" ಎಂದು ಕೇಳಬಹುದಿತ್ತು. ನೀಲಿಗಟ್ಟಿದ ಗುರುತನ್ನು ಕಂಡವರು ಪೊಲೀಸರಿಗೆ ಫೋನ್ ಮಾಡಬಹುದಿತ್ತು. ನಾನು ಠಾಣೆಯಲ್ಲಿ ಕೈಕಟ್ಟಿ ನಿಂತು "ಅವಳೇ ಕೇಳಿದ್ದು ಸಾರ್" ಎನ್ನಬೇಕಾಗುತ್ತಿತ್ತು; ಹೆಂಡತಿಯನ್ನು ಬಡಿಯುವ ಗಂಡಸರೆಲ್ಲ ಇಂಥದ್ದನ್ನೇ ಹೇಳುವುದೆಂದು ನನಗೂ ಗೊತ್ತು. ಅವಳ ಅಣ್ಣ ಬದಿಯಡ್ಕದಿಂದ ಜೀಪು ಮಾಡಿಕೊಂಡು ಬರಬಹುದಿತ್ತು. ಪಾಪನಿವೇದನೆಯಲ್ಲಿ ಇದನ್ನು ಹೇಳಬೇಕೇ ಬೇಡವೇ, ಹೇಳುವುದಾದರೆ ಹತ್ತು ಆಜ್ಞೆಗಳಲ್ಲಿ ಯಾವುದರ ಕೆಳಗೆ ಎಂದು ತಿಳಿಯದೆ ನಾನು ತಡವರಿಸಬಹುದಿತ್ತು, ಪಾದ್ರಿಗಳು ಕೆಮ್ಮಬಹುದಿತ್ತು. ನನ್ನ ಭುಜ ಉಳುಕಬಹುದಿತ್ತು. ಯಾರದಾದರೂ ಹೃದಯ ನಿಲ್ಲಬಹುದಿತ್ತು, ಬಹುಶಃ ನನ್ನದೇ. ಅವಳಿಗೆ ಇಷ್ಟವಾಗದೆ ಹೋಗಬಹುದಿತ್ತು. ನನಗೆ ತೀರಾ ಇಷ್ಟವಾಗಿಬಿಡಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ.

ಮದುವೆಯಾದ ಮೂರನೆಯ ತಿಂಗಳಿಗೆ ನಾನು ಗಲ್ಫಿಗೆ ಹೋದೆ. ಅದು ಎರಡು ಸಾವಿರದ ಒಂದನೆಯ ಇಸವಿ. ಅಲ್ಲಿ ಔಷಧಿಯ ಗೋದಾಮೊಂದರಲ್ಲಿ ಹನ್ನೆರಡು ವರ್ಷ ಇದ್ದೆ. ಒಡೆದ ಸೀಸೆ, ಅವಧಿ ಮುಗಿದ ಮಾತ್ರೆ, ಅಂಚು ಹರಿದ ಪೆಟ್ಟಿಗೆ ಹುಡುಕಿ ಬದಿಗಿಡುವುದು ನನ್ನ ಕೆಲಸ. ಹುಟ್ಟಾ ಪುಕ್ಕಲನಿಗೆ ಸಂಬಳವೂ ಸಿಗುವ ಕೆಲಸವೆಂದರೆ ಅದೊಂದೇ ಇರಬೇಕು. ಎರಡು ವರ್ಷಕ್ಕೊಮ್ಮೆ ರಜೆ. ಕಾರಡ್ಕದ ಹತ್ತಿರದ ಮನೆಯಲ್ಲಿ ಅವಳು ನನ್ನ ತಾಯಿಯ ಜೊತೆ ಇದ್ದಳು. ಮಕ್ಕಳಾಗಲಿಲ್ಲ.

ಆದರೆ ಶುಕ್ರವಾರದ ಫೋನಿನಲ್ಲಿ ನಾವು ಒಳ್ಳೆಯ ಗಂಡ ಹೆಂಡತಿಯಾಗಿದ್ದೆವು. ಅಂಥದ್ದೊಂದು ಶುಕ್ರವಾರ ಅವಳು ದನಿ ತಗ್ಗಿಸಿದಳು.

"ನಗ್ಲಿಕ್ಕಿಲ್ಲ ಆಯ್ತಾ? ಈ ಸಲ ಬಂದಾಗ ನೀವು ನಂಗೆ ಒಂದೆರಡು ಪೆಟ್ಟು ಕೊಡ್ಬೇಕು. ಹಿಂದೆ, ಕೂರುವ ಜಾಗಕ್ಕೆ."

"ಎಂತಕ್ಕೆ? ನೀನು ಎಂತ ಮಾಡಿದ್ದು?"

"ಇಲ್ಲಿ ಎಂತ ಮಾಡ್ಲಿಕ್ಕುಂಟು ಮಾರಾಯ್ರೆ? ಸುಮ್ಮನೆ, ಆಟಕ್ಕೆ. ನಂಗೆ ಅದು ಇಷ್ಟ ಅಂತ ತೋರ್ತದೆ."

ನಾನು ನಗಲಿಲ್ಲ. ಆ ವಾರವಿಡೀ ಗೋದಾಮಿನ ಪೆಟ್ಟಿಗೆಗಳ ನಡುವೆ ಒಬ್ಬನೇ ನಗುತ್ತಿದ್ದೆನಂತೆ, ಜೊತೆಯವರು ಹೇಳಿದರು. ಮುಂದೆ ಎಷ್ಟೋ ಶುಕ್ರವಾರ ನಾವು ಅದರ ಬಗ್ಗೆ ಮಾತಾಡಿದೆವು. ರಜೆಗೆ ಬಂದಾಗ ಮನೆ ತುಂಬ ಜನ, ಸಾಧ್ಯವಿರಲಿಲ್ಲ. ಸಾಧ್ಯವಿಲ್ಲದ್ದರಿಂದಲೇ ಅದು ಅಷ್ಟು ಚಂದ ಇತ್ತೋ ಏನೋ.

ಪೂರ್ತಿಯಾಗಿ ಊರಿಗೆ ಮರಳಿದಾಗ ತಾಯಿ ತೀರಿಕೊಂಡಿದ್ದರು. ನಾಯ್ಮಾರ್ಮೂಲೆಯ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕೆ ಸೇರಿದೆ. ಮನೆಯಲ್ಲಿ ನಾವಿಬ್ಬರೇ. ಎದುರೆದುರು ಕುಳಿತರೆ ಮಾತಿಲ್ಲ. ಉಪ್ಪು ಸಾಕಾ, ಗ್ಯಾಸ್ ಬುಕ್ ಮಾಡಿದ್ದಾ, ಅಷ್ಟೇ. ಅವಳಿಗೆ ಅದು ತನ್ನ ಮನೆ, ನನಗೆ ಬರೀ ಒಂದು ಮನೆ. ಹೀಗೆ ಒಂದೂವರೆ ವರ್ಷ ಕಳೆದ ಮೇಲೆ ಒಂದು ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬರುವಾಗ ಅವಳೇ ಕೇಳಿದಳು:

"ಫೋನಲ್ಲಿ ಹೇಳಿದ್ದು ನಿಮಗೆ ನೆನಪುಂಟಾ?"

ಯಾವುದು ಎಂದು ನಾನು ಕೇಳಲಿಲ್ಲ. ಇದೂ ಆಗದಿದ್ದರೆ ನಮ್ಮಲ್ಲಿ ಇನ್ನೇನೂ ಉಳಿದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ನನ್ನ ಭಯ ಅಲ್ಲಿಂದ ಶುರು.

ಬರಿಗೈಯಲ್ಲೇ ಆಗುತ್ತಿತ್ತಲ್ಲ ಎಂದು ಈಗ ಅನಿಸುತ್ತದೆ. ಆದರೆ ಫೋನಿನಲ್ಲಿ ಅವಳು "ಎಂತಾದ್ರೂ ಒಂದು ವಸ್ತು" ಎಂದಿದ್ದಳು. ಅಂಥದ್ದನ್ನು ಕೊಂಡು ತರುವ ಅಂಗಡಿ ನಮ್ಮ ಕಡೆ ಇಲ್ಲ, ಇದ್ದರೂ ಒಳಗೆ ಹೋಗುವ ಎದೆ ನನಗಿಲ್ಲ. ಮನೆಯಲ್ಲಿರುವುದನ್ನೇ ಆರಿಸಬೇಕು. ಅನ್ನದ ಮರದ ಸಟ್ಟುಗ ಎತ್ತಿಕೊಂಡೆ.

"ಶೀ! ಅನ್ನ ಬಡಿಸುವುದನ್ನಾ? ಆಮೇಲೆ ಅದರಲ್ಲಿ ಊಟ ಮಾಡುವುದು ಯಾರು?"

ಹಿಡಿಸೂಡಿ ತೋರಿಸಿದೆ. ಕಸ ಗುಡಿಸುವುದನ್ನು ಮೈಗೆ ತಾಗಿಸಿದರೆ ದರಿದ್ರವಂತೆ. ಅದರ ಕಡ್ಡಿ ಚರ್ಮ ಸೀಳುತ್ತದೆ, ಅವಳು ಬೇಡವೆಂದದ್ದು ನನಗೂ ಸಮಾಧಾನವಾಯಿತು. ರಬ್ಬರ್ ಚಪ್ಪಲಿ ನಿಜಕ್ಕೂ ಒಳ್ಳೆಯ ವಸ್ತು: ಅಗಲ, ಮೆತ್ತಗೆ, ಅಂಚಿಲ್ಲ. ತೊಳೆದು ತಂದೆ. ಅವಳು ಮುಖ ತಿರುಗಿಸಿದಳು.

"ಚಪ್ಪಲಿಯಲ್ಲಿ ಹೊಡೆದ್ರೆ ಅದು ಆಟ ಅಲ್ಲ, ಮರ್ಯಾದೆ ತೆಗೆಯುವುದು."

ಬೆಲ್ಟನ್ನು ನಾನೇ ಬೇಡವೆಂದೆ. ತುದಿ ಸುತ್ತಿಕೊಂಡು ಎಲ್ಲಿ ತಾಗುತ್ತದೆಂದು ಹೇಳಲಾಗುವುದಿಲ್ಲ. ಲಟ್ಟಣಿಗೆ ಭಾರ, ಭಾರದ್ದು ಹೊರಗೆ ತೋರಿಸದೆ ಒಳಗೆ ಜಜ್ಜುತ್ತದೆ. ಬೆತ್ತ ಸಪೂರ, ಗೆರೆ ಏಳುತ್ತದೆ. ಹೀಗೆ ಅಡುಗೆಮನೆಯನ್ನು ಗೋದಾಮಿನಂತೆ ತಪಾಸಣೆ ಮಾಡುತ್ತ ಎರಡು ವಾರ ಕಳೆದೆ. ಕೊನೆಗೆ ಒಪ್ಪಿಗೆಯಾದದ್ದು ಹಾಳೆ. ಅಡಿಕೆ ಸೋಗೆಯ ಬುಡದ ಹಾಳೆಯನ್ನು ಬೀಸಣಿಗೆಯ ಆಕಾರಕ್ಕೆ ಕತ್ತರಿಸಿದರೆ ಅಗಲ ಉಂಟು, ಭಾರ ಇಲ್ಲ, ಶಬ್ದ ಜಾಸ್ತಿ, ನೋವು ಕಡಿಮೆ.

ಅಲ್ಲಿ ನಮ್ಮೂರಿನವರಷ್ಟೇ ಮಾಡಬಹುದಾದ ತಪ್ಪು ಮಾಡಿದೆ. ಹಾಳೆ ಎಂದ ಕೂಡಲೇ ನೀರಿಗೆ ಹಾಕುವುದು ನಮ್ಮ ಕೈಗೆ ಬಂದ ಚಾಳಿ, ಟೊಪ್ಪಿಗೋ ತಟ್ಟೆಗೋ ಮಡಚಲಿಕ್ಕೆ ಮೆತ್ತಗಾಗಲಿ ಎಂದು. ರಾತ್ರಿಯಿಡೀ ನೆನೆದ ಹಾಳೆ ತೊಗಲಿನಂತೆ ಭಾರವಾಗಿತ್ತು. ಪುಣ್ಯಕ್ಕೆ ಮೊದಲು ನನ್ನ ತೊಡೆಗೇ ಹೊಡೆದು ನೋಡಿಕೊಂಡೆ. ಎರಡು ದಿನ ಅಂಗಡಿಯಲ್ಲಿ ಕುಂಟಿದೆ. ಆಮೇಲೆ ಅದನ್ನು ಕಲ್ಲಿನ ಅಡಿಯಲ್ಲಿಟ್ಟು ನೆರಳಿನಲ್ಲಿ ನಾಲ್ಕು ದಿನ ಒಣಗಿಸಿ, ಅಂಚನ್ನು ದುಂಡಗೆ ಕತ್ತರಿಸಿ, ಸುತ್ತ ಗಾಯದ ಪ್ಲಾಸ್ಟರ್ ಅಂಟಿಸಿ, ಸ್ಪಿರಿಟಿನಲ್ಲಿ ಒರೆಸಿದೆ. ಕೋಣೆ ಆಸ್ಪತ್ರೆಯ ಹಾಗೆ ನಾರತೊಡಗಿತು.

"ಆಪರೇಶನ್ ಯಾವಾಗ?" ಎಂದಳು.

ನಿಲ್ಲಿಸಲು ಒಂದು ಮಾತು ಬೇಕಿತ್ತು. "ಬೇಡ", "ಸಾಕು" ಆಗುವುದಿಲ್ಲ, ಆಟದಲ್ಲಿ ಅವು ಸುಮ್ಮನೆಯೂ ಬಾಯಿಗೆ ಬರಬಹುದು. "ನಾಯ್ಮಾರ್ಮೂಲೆ" ಎಂದು ನಿಶ್ಚಯಿಸಿದೆವು. ಅಂಥ ಹೊತ್ತಿನಲ್ಲಿ ಆ ಪೇಟೆಯ ನೆನಪು ಯಾರಿಗೂ ತಾನಾಗಿ ಬರಲಾರದು.

ಅಂಗಡಿಗೆ ರಜೆ ಇದ್ದ ಒಂದು ದಿನ, ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಅವಳು ಮಂಚದ ಮೇಲೆ ಬೋರಲಾಗಿ ಮಲಗಿದಳು. ಸೊಂಟಕ್ಕಿಂತ ಮೇಲೆ ಹೋಗಬಾರದು, ನಡುವಿನ ಎಲುಬಿಗೆ ತಾಗಬಾರದು, ಒಂದೇ ಜಾಗಕ್ಕೆ ಎರಡು ಸಲ ಬೀಳಬಾರದು. ಇಷ್ಟನ್ನೂ ಜಪಿಸಿಕೊಂಡು ಮೊದಲನೆಯದನ್ನು ಕೊಟ್ಟೆ. ಪಟ್ ಎಂದು ಓಲೆಪಟಾಕಿಯಂಥ ಶಬ್ದ.

ಗೋಡೆಯಾಚೆಯಿಂದ ನೆರೆಮನೆಯ ಬ್ಯಾರಿ ಅಕ್ಕನ ದನಿ ಬಂತು. "ಬಾಯಮ್ಮಾ! ಎಂತ ಹೊಡೆಯುವುದು? ಹಾವು ಬಂತಾ?"

"ಇಲ್ಲ ಅಕ್ಕಾ, ಹಾಸಿಗೆ! ಧೂಳು ಉಂಟು!" ಎಂದು ನನ್ನ ಹೆಂಡತಿ ತಲೆಯೆತ್ತಿ ಕೂಗಿದಳು.

"ಹಾಗಾದ್ರೆ ನಮ್ಮದೂ ಎರಡು ಉಂಟು, ತರ್ಲಾ?"

ಅವಳು ದಿಂಬಿಗೆ ಮುಖ ಒತ್ತಿ ನಕ್ಕಳು. ನಾನೂ ನಕ್ಕೆ. ಊರಿಗೆ ಬಂದ ಮೇಲೆ ಒಟ್ಟಿಗೆ ನಕ್ಕದ್ದು ಅದೇ ಮೊದಲು. ಬಾಯಿ ಮುಚ್ಚಿ ಎರಡನೆಯದನ್ನು ಕೊಟ್ಟಿದ್ದರೆ ಸಾಕಿತ್ತು.

"ನೋವಾಯ್ತಾ?" ಎಂದು ಕೇಳಿದೆ.

"ಇಲ್ಲ."

"ನಿಜವಾಗಿ ಇಲ್ವಾ, ನನಗೆ ಬೇಜಾರಾಗ್ತದೆ ಅಂತ ಹೇಳುವುದಾ?"

"ನೀವು ಹೊಡೀರಿ ಮಾರಾಯ್ರೆ."

ಹೊಡೆದೆ. ಕೇಳಿದೆ. ಆರು ಸಲ ಹೊಡೆದೆ, ಆರು ಸಲವೂ ಕೇಳಿದೆ. ನಡುವೆ ಒಮ್ಮೆ, ರಕ್ತ ತೆಳುವಾಗುವ ಮಾತ್ರೆಯೇನಾದರೂ ತೆಗೆದುಕೊಳ್ಳುತ್ತೀಯಾ ಎಂದೂ ವಿಚಾರಿಸಿದೆ. ಅವಳ ಮಾತ್ರೆಗಳನ್ನೆಲ್ಲ ತಂದುಕೊಡುವವನು ನಾನೇ. ಐದನೆಯದಕ್ಕೆ ಅವಳ ಬೆನ್ನು ಸಡಿಲವಾಯಿತು, ಸುಖದಿಂದಲ್ಲ. ಬಾರದ ಬಸ್ಸಿಗೆ ಕಾದು ಕಾದು ಕಲ್ಲಿನ ಮೇಲೆ ಕುಳಿತುಬಿಡುತ್ತಾರಲ್ಲ, ಹಾಗೆ. ನಿಲ್ಲಿಸಲೆಂದು ಒಪ್ಪಿದ್ದ ಆ ಮಾತನ್ನು ಅವಳು ಹೇಳಲೇ ಇಲ್ಲ. ನಾನೇ ನಿಲ್ಲಿಸಿದೆ. ಚರ್ಮ ನೋಡಿದೆ. ತುಸು ಕೆಂಪು, ಅದೂ ನೋಡುತ್ತಿದ್ದಂತೆ ಮಾಸಿತು. ಆದರೂ ಮುಲಾಮು ಹಚ್ಚಿದೆ.

ಅವಳು ಎದ್ದು ನೈಟಿ ಸರಿಮಾಡಿಕೊಂಡಳು, ಕೂದಲು ಕಟ್ಟಿದಳು. ಅಷ್ಟು ವರ್ಷದ ಶುಕ್ರವಾರಗಳಲ್ಲಿ ಕೇಳಿದ ದನಿ ಈಗಲಾದರೂ ಬರುತ್ತದೋ ಎಂದು ನಾನು ಮುಲಾಮಿನ ಮುಚ್ಚಳ ತಿರುಗಿಸುತ್ತ ನಿಂತೆ. ಅವಳು ನನ್ನ ಕಡೆ ತಿರುಗಿ, ಮೆಲ್ಲಗೆ, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು:

"ದೇವ್ ಬರೆಂ ಕರುಂ."

ದೇವರು ಒಳ್ಳೆಯದು ಮಾಡಲಿ. ನಮ್ಮ ಕೊಂಕಣಿಯವರಲ್ಲಿ ಅದು ಉಪಕಾರ ಮಾಡಿದವರಿಗೆ ಹೇಳುವ ಮಾತು. ಜೀಪಿನಲ್ಲಿ ಹತ್ತಿಸಿಕೊಂಡವರಿಗೆ, ಪರವೂರಿನಿಂದ ಪಾರ್ಸೆಲ್ ತಂದುಕೊಟ್ಟವರಿಗೆ ಹೇಳುತ್ತಾರೆ. ಮನೆಯವರಿಗೆ ಯಾರೂ ಹೇಳುವುದಿಲ್ಲ. ಗಂಡನಿಗಂತೂ ಇಲ್ಲ. ಇಷ್ಟು ವರ್ಷಗಳಲ್ಲಿ ಅವಳು ನನಗೆ ಅದನ್ನು ಒಮ್ಮೆಯೂ ಹೇಳಿರಲಿಲ್ಲ.

"ಅಯ್ಯೋ, ಅದಕ್ಕೆಂತ," ಎಂದೆ ನಾನು.