ದ್ವಾದಶಿಯ ನೊರಜು

ನನ್ನದು ಹುಟ್ಟಾ ಅವಸರದ ಸ್ವಭಾವ. ಬಸ್ಸು ನಿಲ್ಲುವ ಮೊದಲೇ ಇಳಿಯುವವನು, ಎಲೆಗೆ ಅನ್ನ ಬೀಳುವ ಮೊದಲೇ ಹುಳಿ ಎಲ್ಲಿ ಎಂದು ಕೇಳುವವನು ಎಂದು ಮನೆಯಲ್ಲಿ ಆಡಿಕೊಳ್ಳುತ್ತಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದೀಯೆ ಎಂದು ಅಜ್ಜಿ ದಿನಕ್ಕೊಮ್ಮೆಯಾದರೂ ಹೇಳುವಳು. ಇಂಥ ನನಗೆ ನಮ್ಮ ಪ್ರೊಫೆಸರು ಸಂಶೋಧನೆಗೆಂದು ಕೊಟ್ಟ ವಿಷಯ ನೊರಜು.

ಅರವತ್ತರ ದಶಕದ ಶುರುವಿನ ಮಾತು. ಮದರಾಸಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಸಂಶೋಧನೆಗೆ ಸೇರಿದ್ದೆ. ಸಂಜೆ ದೀಪ ಹಾಕಿದರೆ ಮುತ್ತಿಕೊಂಡು, ಬೆಳಿಗ್ಗೆ ಕಿಟಕಿಯ ಕೆಳಗೆ ಹಿಡಿ ಹಿಡಿಯಾಗಿ ಸತ್ತು ಬಿದ್ದಿರುತ್ತವಲ್ಲ, ಅವೇ ನನ್ನ ನೊರಜುಗಳು. ನೋಡಲು ಸೊಳ್ಳೆಯಂತೆಯೇ. ಆದರೆ ಕಚ್ಚುವುದಿಲ್ಲ, ಕಚ್ಚಲು ಬೇಕಾದ ಬಾಯಿಯೇ ಅವಕ್ಕಿಲ್ಲ. ಮರಿಹುಳು ಕೆಸರಿನಲ್ಲಿ ಕೆಂಪಗೆ, ಎಳೆ ದಾರದ ಹಾಗೆ ಇರುತ್ತದೆ. ಅದು ಪ್ಯೂಪಾ ಆಗಿ ನೀರಿನ ಮೇಲಕ್ಕೆ ಬಂದು, ಸಿಪ್ಪೆ ಬಿಟ್ಟು, ರೆಕ್ಕೆ ಬಿಚ್ಚಿ ಹಾರುತ್ತದೆ. ಹಾರಿದ ಮೇಲೆ ಊಟದ ಗೊಡವೆಯಿಲ್ಲ. ಎರಡು ಮೂರು ದಿನ ಇದ್ದು, ಜೋಡಿ ಸೇರಿ ಸಾಯುತ್ತದೆ.

ಕಚ್ಚದ ಹುಳವನ್ನು ಯಾರು ಕೇಳುತ್ತಾರೆ? ಸೊಳ್ಳೆಯ ಮೇಲೆ ಕೆಲಸ ಮಾಡುತ್ತಿದ್ದ ಸಹಪಾಠಿಗಳು ನನ್ನನ್ನು ಕಂಡರೆ ನಗುತ್ತಿದ್ದರು. ಅದಕ್ಕೇ ನನಗೆ ಹಟ ಹಿಡಿದಿತ್ತು. ಯಾರೂ ನೋಡದ ಹುಳವಾದರೆ ಯಾರೂ ಹೆಸರಿಡದ ಪ್ರಭೇದವೂ ಅದರಲ್ಲಿ ಸಿಕ್ಕೀತು. ಸಿಕ್ಕರೆ ಅದರ ಲ್ಯಾಟಿನ್ ಹೆಸರಿನ ಪಕ್ಕದಲ್ಲಿ ನನ್ನ ಹೆಸರು ಅಚ್ಚಾಗುತ್ತದೆ, ಜಗತ್ತು ಇರುವ ತನಕ ಇರುತ್ತದೆ. ಇಪ್ಪತ್ತಮೂರರ ವಯಸ್ಸಿನಲ್ಲಿ ಇದಕ್ಕಿಂತ ದೊಡ್ಡದು ನನಗೆ ಬೇರೇನೂ ಕಾಣುತ್ತಿರಲಿಲ್ಲ.

ಕೆಂಪು ಹುಳುಗಳನ್ನು ತರಲು ಮದರಾಸಿನ ಉತ್ತರದ ಹೊರವಲಯದ ಮಣಲಿಗೆ ಹೋಗುತ್ತಿದ್ದೆ. ಎಣ್ಣೆಯ ಕಾರ್ಖಾನೆ ಇನ್ನೂ ಬಂದಿರಲಿಲ್ಲ; ಗದ್ದೆ, ಜೊಂಡು ಬೆಳೆದ ನೀರಿನ ಕುಂಟೆಗಳು, ಎಮ್ಮೆಗಳು. ಒಂದು ಕುಂಟೆಯ ಕೆಸರನ್ನು ಡಬ್ಬದಲ್ಲಿ ತುಂಬಿಕೊಂಡು ಬಸ್ಸು ಹತ್ತಿದರೆ ಕಾಸಿಮೇಡಿನ ಮೀನಿನ ಹೆಂಗಸರೇ ಮೂಗು ಮುಚ್ಚಿಕೊಳ್ಳುವರು. "ಅಯ್ಯರೇ, ಎಂಗ ಮೀನ ವುಡ ಒನ್ ಡಬ್ಬಾ ನಾರುದು," ಎಂದು ಒಬ್ಬಳು ಒಮ್ಮೆ ಇಡೀ ಬಸ್ಸಿಗೆ ಕೇಳಿಸುವಂತೆ ಹೇಳಿದ್ದಳು. ಮೀನಿಗಿಂತ ನನ್ನ ಡಬ್ಬ ನಾರುತ್ತಿದ್ದದ್ದು ನಿಜವೇ.

ಹುಳುಗಳನ್ನು ಸಾಕುತ್ತಿದ್ದದ್ದು ತಿರುವಲ್ಲಿಕ್ಕೇಣಿಯ ನಮ್ಮ ಮನೆಯ ಹಿತ್ತಿಲ ಜಗುಲಿಯಲ್ಲಿ. ಈ ನೊರಜು ಹೊರಬರುತ್ತಿದ್ದದ್ದು ಬೆಳಗಿನ ಆರೂವರೆ ಏಳರ ಹೊತ್ತಿಗೆ; ಕಾಲೇಜಿನ ಪ್ರಯೋಗಶಾಲೆಯ ಬೀಗ ತೆಗೆಯುತ್ತಿದ್ದದ್ದು ಹತ್ತಕ್ಕೆ. ಹಾಗಾಗಿ ಒಂದೊಂದು ಗಾಜಿನ ಕೊಳವೆಯಲ್ಲಿ ಒಂದೊಂದು ಹುಳು ಬಿಟ್ಟು, ಬಾಯಿಗೆ ತೆಳುವಾದ ಮಲ್ಲು ಬಟ್ಟೆ ಕಟ್ಟಿ, ಗೋಡೆಯುದ್ದಕ್ಕೂ ಸಾಲಾಗಿ ಇಟ್ಟಿದ್ದೆ. ಗಂಡು ನೊರಜು ಹೊರಬಂದ ಕೂಡಲೇ ಈಥರಿನ ಬಾಟಲಿಗೆ ಹಾಕಿ ಕೊಂದು, ಹತ್ತಕ್ಕೆ ಕಾಲೇಜಿನಲ್ಲಿರುತ್ತಿದ್ದೆ. ಅಲ್ಲಿ ಅದನ್ನು ಒಳಗಿನ ಮಾಂಸ ಕರಗುವಂತೆ ಕಾಸ್ಟಿಕ್ಕಿನ ದ್ರಾವಣದಲ್ಲಿ ನೆನೆಸಿ ಸ್ಲೈಡು ಮಾಡುವುದು. ಗಂಡಿನ ಹಿಂತುದಿಯಲ್ಲಿ ಇಕ್ಕಳದಂಥ ಅಂಗವಿದೆ. ಪ್ರಭೇದದಿಂದ ಪ್ರಭೇದಕ್ಕೆ ಅದರ ಆಕಾರ ಬೇರೆ. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆದು, ಕಾಲು ರೆಕ್ಕೆಗಳನ್ನು ಅಳೆದು, ಮೈಯ ಬಣ್ಣ ಬರೆದಿಟ್ಟರೆ ಒಂದು ಪ್ರಭೇದದ ವಿವರಣೆ ಆದಂತೆ.

ಅಜ್ಜಿಗೆ ಈ ಕೆಲಸ ಹಿಡಿಸಿರಲಿಲ್ಲ. ಬಳ್ಳಾರಿಯಿಂದ ಮದುವೆಯಾಗಿ ಮದರಾಸಿಗೆ ಬಂದು ಐವತ್ತು ವರ್ಷವಾಗಿದ್ದರೂ ಮಾತು ಮಾತ್ರ ಬಳ್ಳಾರಿಯದೇ. ಮಡಿ, ಏಕಾದಶಿ, ದ್ವಾದಶಿ ಒಂದೂ ತಪ್ಪಿದ್ದಿಲ್ಲ. ಹಿತ್ತಿಲಿಗೆ ಬಂದವಳು ಕೊಳವೆಗಳ ಮುಂದೆ ನಿಂತು ಒಂದು ದಿನ ಕರಾರು ಹಾಕಿದಳು.

"ದಿನಾ ಏನಾದ್ರೂ ಮಾಡ್ಕೋ. ಏಕಾದಶಿ ದಿನ ಮಾತ್ರ ಈ ಮನ್ಯಾಗೆ ಜೀವ ತೆಗಿಬೇಡ."

"ಅದು ನಾಡಿದ್ದು ತಾನಾಗೇ ಸಾಯ್ತದೆ ಅಜ್ಜಿ."

"ತಾನಾಗೇ ಸತ್ತರೆ ಅದರ ಕರ್ಮ. ನೀ ಕೊಂದ್ರೆ ನಿನ್ನ ಕರ್ಮ."

ಒಪ್ಪಿಕೊಂಡೆ. ಹದಿನೈದು ದಿನಕ್ಕೊಂದು ದಿನ ತಾನೆ? ಏಕಾದಶಿಯ ಬೆಳಿಗ್ಗೆ ಹೊರಬಂದವನ್ನು ಕೊಳವೆಯಲ್ಲೇ ಬಿಟ್ಟು, ಮಾರನೆಯ ದಿನ ದ್ವಾದಶಿಯ ಪಾರಣೆ ಮುಗಿಸಿ ಕೊಲ್ಲುತ್ತಿದ್ದೆ. ಹಾಗೆ ಕಾಯುವ ಒಂದು ದಿನವೂ ನನಗೆ ಮೈಮೇಲೆ ಇರುವೆ ಬಿಟ್ಟಂತಾಗುತ್ತಿತ್ತು.

ವರ್ಷ ಕಳೆಯುವಷ್ಟರಲ್ಲಿ ನನ್ನ ಸ್ಲೈಡುಗಳು ಎರಡು ಗುಂಪಾದವು. ಬೆರಳೆಣಿಕೆಯಷ್ಟು ಕಪ್ಪು ಮೈಯವು. ಅವುಗಳ ಎದೆಯ ಮೇಲೆ ಮೂರು ಕರಿ ಪಟ್ಟೆ. ಇವನ್ನು ಯಾವನೋ ಪರದೇಶದವನು ಎಂದೋ ವರ್ಣಿಸಿ ಮುಗಿಸಿದ್ದ. ಇನ್ನೊಂದು ಗುಂಪು ನಲವತ್ತಕ್ಕೂ ಮೇಲೆ. ಮೈ ನಸುಬಿಳಿ, ಎದೆಯ ಮೇಲೆ ಪಟ್ಟೆಯಿಲ್ಲ. ಇಕ್ಕಳದ ತುದಿ ಕೊಂಚ ಮುರುಟಿ ಒಳಕ್ಕೆ ಬಾಗಿತ್ತು. ಇಂಥದು ಯಾವ ಪುಸ್ತಕದಲ್ಲೂ ಇರಲಿಲ್ಲ. ಮೂರು ದಿನ ನನಗೆ ನಿದ್ದೆ ಹತ್ತಲಿಲ್ಲ. ಅಂಗಡಿಗೆ ಹೋದರೆ ಏನು ತರಲು ಬಂದೆ ಎಂಬುದೇ ಮರೆಯುತ್ತಿತ್ತು.

ಅಷ್ಟರಲ್ಲಿ ಒಂದು ದ್ವಾದಶಿಯ ದಿನ ಅಜ್ಜಿ ಕೊಳವೆಯೊಂದರ ಮುಂದೆ ಬಗ್ಗಿ ನೋಡಿ, "ನಿನ್ನೆ ಇದು ಬೆಳ್ಳಗಿತ್ತಲ್ಲೋ," ಎಂದಳು. "ನಿನ್ನೆ ನೋಡಿದ್ದು ಬೇರೆ ಕೊಳವೆ ಅಜ್ಜಿ," ಎಂದು ಬಾಯಿ ಮುಚ್ಚಿಸಿದೆ. ಯಾವ ಕೊಳವೆ ಎಂದು ತಿರುಗಿ ನೋಡಲೂ ಇಲ್ಲ.

ಪ್ರೊಫೆಸರು ತಮಿಳರು, ಮಿತಭಾಷಿ. ನನ್ನ ಚಿತ್ರಗಳನ್ನು ಒಂದು ವಾರ ಇಟ್ಟುಕೊಂಡು ನೋಡಿದರು. ಕರೆದು ಒಂದೇ ಪ್ರಶ್ನೆ ಕೇಳಿದರು: "ಹಾರ್ಡನ್ ಆನಪ್ಪುರಂ ದಾನೇ ಕಿಲ್ ಪಣ್ಣಿನೆ?" ಹೊರಬಂದ ನೊರಜಿನ ಮೈ ಗಟ್ಟಿಯಾಗಲು ಬಿಟ್ಟು, ಆಮೇಲೆ ತಾನೇ ಕೊಂದದ್ದು ಎಂದು. "ಎಸ್ ಸಾರ್," ಎಂದೆ. ನಿಜ ಹೇಳಬೇಕೆಂದರೆ ಆ ಪ್ರಶ್ನೆಯ ಮಹತ್ವವೇ ನನಗೆ ತಿಳಿದಿರಲಿಲ್ಲ. ಪುಸ್ತಕದಲ್ಲಿ ಅದರ ಬಗ್ಗೆ ಎರಡು ಸಾಲಿತ್ತು. ಓದಿ ಮುಂದೆ ಓಡಿದ್ದೆ. ಇಲ್ಲ ಎಂದರೆ ಇನ್ನೆಷ್ಟು ತಿಂಗಳು ಹಿಡಿಯುತ್ತದೋ ಎಂಬ ಭಯಕ್ಕೆ ಬಾಯಿ ತಾನಾಗಿ ಎಸ್ ಎಂದಿತ್ತು. ಅವರು ಲೇಖನಕ್ಕೆ ಒಪ್ಪಿಗೆ ಕೊಟ್ಟರು. ನಸುಬಿಳಿ ಎಂಬ ಅರ್ಥದ ಲ್ಯಾಟಿನ್ ಪದವನ್ನು ಹುಡುಕಿ ಹೆಸರಿಟ್ಟೆ.

ಐದು ತಿಂಗಳಿಗೆ ಅಚ್ಚಿನ ಪ್ರೂಫು ಬಂತು. ಹೆಸರಿನ ಪಕ್ಕದಲ್ಲಿ ನನ್ನ ಹೆಸರಿತ್ತು. ಅದನ್ನು ಎಷ್ಟು ಸಲ ನೋಡಿದೆನೋ, ಕಾಗದದ ಅಂಚು ಬೆವರಿಗೆ ಮೆತ್ತಗಾಯಿತು. ಒಂದು ವಾರದೊಳಗೆ ತಿದ್ದಿ ವಾಪಸು ಕಳಿಸಬೇಕಿತ್ತು. ಕೊನೆಯಲ್ಲಿ ಯಾವ ಯಾವ ನೊರಜನ್ನು ಯಾವ ದಿನ ಕೊಂದದ್ದು ಎಂಬ ಪಟ್ಟಿ. ಹೋಲಿಕೆಗೆಂದು ಕಪ್ಪು ನೊರಜುಗಳ ತಾರೀಕುಗಳೂ ಇದ್ದವು. ಊಟವಾದ ಮೇಲೆ ಪಡಸಾಲೆಯಲ್ಲಿ ಕೂತು ಸ್ಲೈಡಿನ ಚೀಟಿಗಳನ್ನೂ ಪಟ್ಟಿಯನ್ನೂ ತಾಳೆ ನೋಡುತ್ತಿದ್ದೆ.

ಅಜ್ಜಿ ಪಂಚಾಂಗ ಹಿಡಿದುಕೊಂಡು ಬಂದಳು. ಅವಳ ಕನ್ನಡಕದ ಕಡ್ಡಿ ಮುರಿದು ರಿಪೇರಿಗೆ ಹೋಗಿತ್ತು.

"ಮುಂದಿನ ಏಕಾದಶಿ ಎಂದು ಬರ್ತದೆ ನೋಡಿ ಹೇಳೋ."

ನನ್ನ ಪಂಚಾಂಗದ ಪಾಂಡಿತ್ಯ ಅಷ್ಟಕ್ಕಷ್ಟೆ. ಏಕಾದಶಿಯ ಸಾಲನ್ನು ಹುಡುಕುತ್ತ ಹಿಂದಿನ ತಿಂಗಳುಗಳ ಪುಟ ತಿರುವಿದೆ. ತಿಥಿಯ ಪಕ್ಕದಲ್ಲೇ ಇಂಗ್ಲಿಷ್ ತಾರೀಕು. ಒಂದು ದ್ವಾದಶಿಯ ತಾರೀಕು ಈಗಷ್ಟೇ ಓದಿದ್ದು ಅನ್ನಿಸಿತು. ಪಟ್ಟಿ ನೋಡಿದೆ. ಕಪ್ಪು ನೊರಜು. ಅದರ ಹಿಂದಿನ ದ್ವಾದಶಿ ನೋಡಿದೆ. ಅದೂ ಕಪ್ಪು. ಗೂಡಿನಲ್ಲಿದ್ದ ಹಿಂದಿನ ವರ್ಷದ ಪಂಚಾಂಗವನ್ನೂ ತಂದು ಪುಟ ತಿರುವಿದೆ. ಒಂದೂ ಬಿಡದೆ ಕಪ್ಪು ನೊರಜುಗಳೆಲ್ಲ ದ್ವಾದಶಿಯ ದಿನ ಕೊಂದವು. ಬಿಳಿಯವುಗಳಲ್ಲಿ ದ್ವಾದಶಿಯವು ಎರಡೇ; ಚೀಟಿ ನೋಡಿದರೆ ಅವೆರಡೂ ಅದೇ ಬೆಳಿಗ್ಗೆ ಹೊರಬಂದವು.

ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳುತ್ತಲೇ ಬಂದಿದ್ದೆ. ಆವತ್ತು ಅದು ನನ್ನ ತೊಡೆಯ ಮೇಲೆ ಅಚ್ಚಾಗಿ ಕೂತಿತ್ತು. ನೊರಜಿಗೆ ಪಂಚಾಂಗ ಗೊತ್ತಿಲ್ಲ. ಏಕಾದಶಿಯಂದು ಹುಟ್ಟಿದವಕ್ಕೆ ಒಂದು ದಿನ ಬದುಕು ಸಿಕ್ಕಿತ್ತು, ಮೈಗೆ ಬಣ್ಣ ಬಂದಿತ್ತು. ಮಿಕ್ಕವನ್ನು ನಾನು ಎಳೆಯದರಲ್ಲೇ ಕೊಂದಿದ್ದೆ. ಮೆತ್ತಗಿದ್ದ ಇಕ್ಕಳ ಕಾಸ್ಟಿಕ್ಕಿನಲ್ಲಿ ಮುರುಟಿಕೊಂಡಿತ್ತು. ಆ ಮುರುಟನ್ನೇ ನಾನು ಹೊಸ ಪ್ರಭೇದದ ಲಕ್ಷಣವೆಂದು ಶ್ರದ್ಧೆಯಿಂದ ಚಿತ್ರ ಬರೆದಿದ್ದೆ.

ಅಜ್ಜಿಗೆ ಏಕಾದಶಿಯ ದಿನ ಹೇಳಿದೆನೋ ಇಲ್ಲವೋ ನೆನಪಿಲ್ಲ. ಚಪ್ಪಲಿ ಮೆಟ್ಟಿ ಸಮುದ್ರದ ಕಡೆಗೆ ನಡೆದೆ. ಅಲ್ಲಿಯೂ ಕೂರಲಾರದೆ ತಿರುಗಿ ಬಂದೆ. ಸುಮ್ಮನಿದ್ದರೇನು ಎಂಬ ಯೋಚನೆ ಬಾರದೆ ಇರಲಿಲ್ಲ, ದಾರಿಯುದ್ದಕ್ಕೂ ಅದೇ. ಕಚ್ಚದ ನೊರಜನ್ನು ಯಾರು ತಿರುಗಿ ನೋಡುತ್ತಾರೆ? ಪಂಚಾಂಗ ಹಿಡಿದು ನನ್ನ ಲೇಖನ ಓದುವ ಪರದೇಶದವನು ಯಾರಿದ್ದಾನೆ? ಇಪ್ಪತ್ತು ವರ್ಷಕ್ಕೆ ಯಾರಾದರೂ ಕಂಡುಹಿಡಿದರೂ ಅಷ್ಟರಲ್ಲಿ ನಾನು ಎಲ್ಲಿರುತ್ತೇನೋ. ಅಲ್ಲದೆ ಇನ್ನೂ ನಿಶ್ಚಯವಾಗಿ ಗೊತ್ತಿಲ್ಲವಲ್ಲ, ಕಣ್ಣಾರೆ ಕಂಡಿಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಸಮಾಧಾನವಾಗಲಿಲ್ಲ.

ಹಾಗಾದರೆ ಕಣ್ಣಾರೆ ನೋಡುವುದೇ ಸರಿ. ಶನಿವಾರ ಸಂಜೆ ಒಂದು ಕೊಳವೆಯಲ್ಲಿ ಪ್ಯೂಪಾ ಕಪ್ಪಿಟ್ಟು ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು. ಭಾನುವಾರ ಬೆಳಿಗ್ಗೆ ಏಳಕ್ಕೆ ಸಿಪ್ಪೆ ಸೀಳಿ ಗಂಡು ಹೊರಬಂತು. ನಸುಬಿಳಿ. ಎದೆಯ ಮೇಲೆ ಗೆರೆಯಿಲ್ಲ. ಕೊಳವೆಯ ಗೋಡೆ ಹತ್ತಿ ಕೂತಿತು. ನನ್ನ ಕೈ ತಾನಾಗಿ ಈಥರಿನ ಬಾಟಲಿಗೆ ಹೋಯಿತು; ಎಳೆದುಕೊಂಡೆ.

ಆ ದಿನದಷ್ಟು ಉದ್ದದ ದಿನವನ್ನು ನಾನು ಇನ್ನೊಂದು ಕಂಡಿಲ್ಲ. ಹಾಗೇ ಇರು, ಬೆಳ್ಳಗೇ ಇರು ಎಂದು ನೊರಜನ್ನು ಬೇಡಿಕೊಂಡೆ. ದೇವರನ್ನು ಕೂಡ ಹಾಗೆ ಬೇಡಿಕೊಂಡವನಲ್ಲ. ಒಂಬತ್ತಕ್ಕೆ ಎದೆಯ ಮೇಲೆ ಅರಿಸಿನದ ಗೀಟಿನಂತೆ ಮೂರು ಗೆರೆ ಮೂಡಿದವು. ಬೀದಿಯ ಬಾಗಿಲಿಗೆ ಹೋಗಿ ನಿಂತೆ, ವಾಪಸು ಬಂದೆ. ಹನ್ನೊಂದಕ್ಕೆ ಮೂಲೆಯ ಹೋಟೆಲಿಗೆ ಹೋಗಿ ಕಾಫಿಗೆ ಹೇಳಿ, ಅದು ಬರುವ ಮೊದಲೇ ಎದ್ದು ಬಂದೆ. ಗೆರೆಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಅಜ್ಜಿ ಹಿತ್ತಿಲ ಜಗುಲಿಯಲ್ಲಿ ಗೋಡೆಗೊರಗಿ ಬತ್ತಿ ಹೊಸೆಯುತ್ತ ಕೂತಿದ್ದಳು.

"ಯಾಕೋ ಹಿಂಗೆ ಬೋನಿನಾಗಿನ ಹುಲಿ ಹಂಗೆ ತಿರುಗ್ತಿ? ಒಂದು ಕಡೆ ಕೂಡಬಾರದಾ?"

ಕೂತೆ. ಅವಳ ಪಕ್ಕದಲ್ಲಿ, ಕೊಳವೆಯ ಎದುರಿಗೆ. ಒಂದು ಹುಳವನ್ನು ಅಷ್ಟು ಹೊತ್ತು ಜೀವಂತವಾಗಿ ನಾನು ನೋಡಿದ್ದು ಅದೇ ಮೊದಲು. ಮುಂಗಾಲುಗಳನ್ನು ಎತ್ತಿ ಹಿಡಿದು ಗಾಳಿಯಲ್ಲಿ ಆಡಿಸುತ್ತಿತ್ತು. ಒದ್ದೆಯಾಗಿ ಅಂಟಿಕೊಂಡಿದ್ದ ಮೀಸೆಯ ಕೂದಲು ಒಂದೊಂದಾಗಿ ಬಿಡಿಸಿಕೊಂಡು ಕುಚ್ಚಾಯಿತು. ಮೂರೂವರೆಯ ಹೊತ್ತಿಗೆ ಎದೆಯ ಮೇಲೆ ಮೂರು ಕರಿ ಪಟ್ಟೆಗಳು, ಯಾವನೋ ಪರದೇಶದವನು ವರ್ಣಿಸಿದ್ದ ಹಾಗೇ. ನನ್ನ ಪ್ರಭೇದ ನನ್ನ ಕಣ್ಣೆದುರಿಗೇ ಇಲ್ಲವಾಯಿತು.

ಸೋಮವಾರ ಆ ನೊರಜಿನ ಸ್ಲೈಡು, ಪ್ರೂಫು, ಎರಡು ಪಂಚಾಂಗ ಎಲ್ಲವನ್ನೂ ಪ್ರೊಫೆಸರರ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಏಕಾದಶಿಯ ಕರಾರನ್ನೂ ಹೇಳಿದೆ. ಅವರು ಪಂಚಾಂಗಗಳನ್ನೂ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು, ಪೆನ್ಸಿಲ್ಲಿನಿಂದ ಒಂದೊಂದೇ ತಾರೀಕಿಗೆ ಚುಕ್ಕೆ ಹಾಕಿದರು. ಮುಗಿದ ಮೇಲೆ ತಲೆಯೆತ್ತಿದರು.

"ಅನ್ನಿಕ್ಕು ಕೇಟ್ಟೇನೇ."

ಆವತ್ತೇ ಕೇಳಿದ್ದೆನಲ್ಲ ಎಂದು. ಇಷ್ಟೇ. "ಎಸ್ ಸಾರ್," ಎಂದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಲೇಖನ ವಾಪಸು ಪಡೆಯುತ್ತಿದ್ದೇವೆ ಎಂದು ಸಂಪಾದಕರಿಗೆ ನಾಲ್ಕು ಸಾಲು ಬರೆದು, ಕೆಳಗೆ ಸಹಿ ಹಾಕಲು ಪೆನ್ನನ್ನು ನನ್ನ ಕಡೆ ಚಾಚಿದರು. ಹಾಕಿದೆ. ಹೊರಗೆ ಬರುವಾಗ, ಮಣಲಿಯಲ್ಲಿ ಇನ್ನೂ ಬೇರೆ ಕುಂಟೆಗಳಿವೆಯಲ್ಲ, ಮೊದಲಿನಿಂದ ಶುರು ಮಾಡು ಎಂದು ತಮಿಳಿನಲ್ಲೇ ಹೇಳಿದರು.

ಮನೆಗೆ ಬಂದಾಗ ಅಜ್ಜಿ ಹಿತ್ತಿಲಲ್ಲಿ ತುಳಸಿಗೆ ನೀರು ಹಾಕುತ್ತಿದ್ದಳು. ಹೇಳದೆ ಇರಲಾಗಲಿಲ್ಲ.

"ಎರಡೂ ಒಂದೇ ಅಜ್ಜಿ. ಬಿಳೀದು ಬೇರೆ, ಕರೀದು ಬೇರೆ ಅಲ್ಲ. ಹುಟ್ಟಿದ ಕೂಡಲೇ ಕೊಂದುಬಿಡ್ತಿದ್ದೆ, ಅದಕ್ಕೆ ಬಣ್ಣ ಬರ್ತಿರಲಿಲ್ಲ. ನೀನು ಅವತ್ತೇ ಹೇಳಿದ್ದಿ."

ತಾನು ಹೇಳಿದ್ದು ಅವಳಿಗೆ ನೆನಪೇ ಇರಲಿಲ್ಲ. ಚೊಂಬು ಕೆಳಗಿಟ್ಟು, "ಹಂಗೆ ಎಷ್ಟು ಕೊಂದಿ?" ಎಂದಳು.

"ನಲವತ್ತರ ಮೇಲೆ."

"ಇನ್ನ ಸಾಕು ಮಾಡ್ತೀಯೇನು?"

"ಇಲ್ಲ ಅಜ್ಜಿ. ಮೊದಲಿಂದ ಮಾಡ್ಬೇಕು."

ತುಳಸಿಕಟ್ಟೆಯ ಅಂಚಿಗೆ ಕೈಯೂರಿ ಕೊಳವೆಗಳ ಸಾಲಿನ ಕಡೆ ತಿರುಗಿದಳು.

"ಮಾಡು. ಒಂದು ದಿನ ಬದುಕಾಕೆ ಬಿಟ್ಟು ಆಮೇಲೆ ಕೊಲ್ಲು. ಅದಕ್ಕಿರೋದೇ ಎರಡೋ ಮೂರೋ ದಿನ ಅಂತಿದ್ಯಲ್ಲ. ಒಂದೂ ಕೊಡದಂಗೆ ಕೊಂದ್ಯಲ್ಲೋ."

ಪ್ರೊಫೆಸರರ ಎದುರು ಬಾರದಿದ್ದ ಅಳು ಆಗ ಬಂತು.