ನಾಕು ಸಾಲಿನ ಸೋಗೆ

ನನ್ನ ಬಾಯಿ ಜೋರು, ಒಪ್ಪಿಕೊಳ್ಳುತ್ತೇನೆ. ತೊಂಬತ್ತರ ದಶಕದ ಕೊನೆಗೆ ಮುನವಳ್ಳಿಯ ನಮ್ಮ ಹೊಲದಲ್ಲಿ ಕಬ್ಬು ಬೆಳೆದು ನಿಂತಿತ್ತು. ಊರಿನ ಆಳುಗಳು ಒಂದು ದಿನ ಬಂದರೆ ಮೂರು ದಿನ ಪತ್ತೆಯಿಲ್ಲ. ಹಾಗೇ ಬಿಟ್ಟರೆ ಕಬ್ಬು ಒಣಗಿ ತೂಕ ಹೋಗುತ್ತಿತ್ತು. ಮನೆಯ ಗಂಡಸರು ಮೀಸೆ ತಿರುವುತ್ತ ವಿಚಾರ ಮಾಡುವಷ್ಟರಲ್ಲಿ, ಮಹಾರಾಷ್ಟ್ರದ ಬೀಡ ಕಡೆಯಿಂದ ಎತ್ತಿನ ಗಾಡಿ ಕಟ್ಟಿಕೊಂಡು ಬಂದಿದ್ದ ಕಬ್ಬು ಕಡಿಯುವ ಟೋಳಿಯನ್ನು ನಾನೇ ಕರೆಸಿದೆ. ವಾರದೊಳಗೆ ಹೊಲ ಖಾಲಿ! "ಹೆಂಗ?" ಎಂದು ಎಲ್ಲರೆದುರು ಬೀಗಿದೆ.

ಕಬ್ಬಿನ ತುದಿಯ ಹಸಿರು ಸೋಗೆ ಕಡಿದವರಿಗೇ ಸೇರಬೇಕೆಂಬುದು ರೂಢಿ. ಊರವರು ಕಡಿಯುವಾಗ ಅದು ಊರ ದನಗಳ ಹೊಟ್ಟೆ ಸೇರುತ್ತಿತ್ತು. ಈಗ ಟೋಳಿಯವರ ಎತ್ತುಗಳು ತಿಂದವು, ಉಳಿದದ್ದನ್ನು ಅವರು ಪೇಟೆಯಲ್ಲಿ ಮಾರಿದರು. ನಮ್ಮ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಗಂಡನಿಲ್ಲದ ಹೆಂಗಸೊಬ್ಬಳು ಹಗ್ಗ ಹಿಡಿದು ಬದುವಿಗೆ ಬಂದಳು. ಅವಳ ಸಂಸಾರ ನಡೆಯುತ್ತಿದ್ದದ್ದು ಒಂದೇ ಎಮ್ಮೆಯ ಹಾಲಿನಿಂದ. ನಮ್ಮ ಚಹಾಕ್ಕೂ ಅದೇ ಹಾಲು.

"ಅವ್ವಾರ, ಸೋಗಿ ಎಲ್ಲಾ ಅವರ ಒಯ್ಯಾಕ ಹತ್ತ್ಯಾರ. ನನ್ನ ಎಮ್ಮಿ ಏನ ತಿನ್ನಬೇಕರಿ?"

"ಅದು ಅವರ ಹಕ್ಕ ಐತಿ. ನಾ ಏನ ಮಾಡ್ಲಿ? ಬ್ಯಾರೆ ಕಡೆ ನೋಡ" ಎಂದುಬಿಟ್ಟೆ.

ಬೇರೆ ಕಡೆ ಎಲ್ಲಿ? ಸುತ್ತಲ ಹೊಲಗಳಲ್ಲೆಲ್ಲ ಟೋಳಿಗಳೇ. ಬೇಸಿಗೆಗೆ ಮುಂಚೆ ಎಮ್ಮೆ ಬೈಲಹೊಂಗಲದ ದನದ ಸಂತೆಗೆ ಹೋಯಿತು. ಸಂಜೆ ಅವಳು ಬರೀ ಹಗ್ಗ ಹಿಡಿದು ಬಸ್ಸಿನಿಂದ ಇಳಿದದ್ದನ್ನು ನಾನೇ ಕಣ್ಣಾರೆ ನೋಡಿದೆ.

ಮರುವರ್ಷ ಅದೇ ಟೋಳಿ ಬಂತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಜಗಳಕ್ಕೆ ತಯಾರಾಗಿ ನಿಂತೆ.

"ನಾಕ ಸಾಲಿನ ಸೋಗಿ ಊರಿನವರಿಗೆ ಬಿಡಬೇಕ. ಒಪ್ಪಿಗಿ ಇದ್ರ ಕುಡಗೋಲ ಹಿಡೀರಿ, ಇಲ್ಲಂದ್ರ ಗಾಡಿ ಹೊಳ್ಳಿಸ್ರಿ!"

ಟೋಳಿಯ ಮುಖ್ಯಸ್ಥನ ಹೆಂಡತಿ ನಮ್ಮ ಕಡೆಯ ಊರೂರು ತಿರುಗಿ ಕನ್ನಡ ಕಲಿತವಳು. ನಕ್ಕಳು.

"ಬಿಡತೇವಕ್ಕಾ, ಇಷ್ಟಕ್ಕ ಸಿಟ್ಟ ಯಾಕ? ಹ್ವಾದ ವರ್ಷ ಒಂದ ಮಾತ ಹೇಳಿದ್ರ ಆವಾಗನೂ ಬಿಡತಿದ್ವಿ."

ಇಷ್ಟು ದೊಡ್ಡ ಬಾಯಿಯವಳಿಗೆ ಆ ಒಂದು ಮಾತು ಹೊಳೆದಿರಲಿಲ್ಲ ನೋಡಿ. ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಆ ಹೆಂಗಸನ್ನು ಕೂಗಿ ಕರೆದೆ.

"ಬಾರವ್ವಾ, ಸೋಗಿ ಬಿಡಿಸೇನಿ. ನಿನಗ ಎಷ್ಟ ಬೇಕೋ ಒಯ್ಯಿ."

ಅವಳು ಸೊಂಟ ನೆಟ್ಟಗೆ ಮಾಡಿ ರಾಶಿಯನ್ನು ನೋಡಿದಳು.

"ಒಯ್ದು ಯಾರ ಮುಂದ ಹಾಕಲ್ರಿ, ಅವ್ವಾರ?"